ಹದಿನೇಳನೇ ಫ್ಯಾನು

ಬಣ್ಣ ನೋಡಬೇಡ ಎನ್ನುತ್ತಿದ್ದ ಅಪ್ಪ, ಎತ್ತು ಕೊಳ್ಳುವಾಗ.
ಕೊಂಬಿಗೆ ಎಣ್ಣೆ ಸವರಿರುತ್ತಾರೆ,
ಹಲ್ಲಿಗೂ ಸುಳ್ಳು ಕಲಿಸಿರುತ್ತಾರೆ.
ಗಾಡಿಗೆ ಹೂಡು. ಏರಿನಲ್ಲೊಮ್ಮೆ, ಇಳಿಜಾರಿನಲ್ಲೊಮ್ಮೆ
ಹಗ್ಗ ಸಡಿಲ ಬಿಡು.
ಟವೆಲ್ಲಿನಡಿ ಬೆರಳು ಹಿಡಿಯುವುದು ಆಮೇಲೆ.

ದಾದಾಪೀರನ ದೋಣಿಗೆ ಹೊಸ ನೀಲಿ ಬಳಿದಿದೆ.
ಕಾರವಾರದಿಂದ ಲಾರಿಯ ಮೇಲೆ ಮಲಗಿ ಬಂದದ್ದು;
ಹಿರಿಯೂರಿನ ಓಣಿಯಲ್ಲಿ ಕರೆಂಟಿನ ತಂತಿಗಳನ್ನು
ಬಿದಿರುಗಳದಿಂದ ಎತ್ತಿ ಹಿಡಿದು ದಾಟಿಸಿದರಂತೆ.
ಉಪ್ಪುನೀರಿಗೆಂದು ಕಟ್ಟಿದ ಒಡಲು
ಮಾರಿಕಣಿವೆಯ ಸಿಹಿನೀರಲ್ಲಿ
ಊಟಕ್ಕೆ ಕರೆಯಲೆಂದು ಕಾಯುವ ನೆಂಟನ ಹಾಗೆ
ಸುಮ್ಮನೆ ನಿಂತಿದೆ.

ನನಗೆ ನೀರು ಗೊತ್ತಿಲ್ಲ, ಗಾಳಿ ಗೊತ್ತು.
ಇಪ್ಪತ್ತೆರಡು ವರ್ಷ ಈ ಗುಡ್ಡಸಾಲಿನ ಫ್ಯಾನುಗಳ
ಹೊಟ್ಟೆಯೊಳಗೆ ಏಣಿ ಹತ್ತಿ ಬೋಲ್ಟು ಬಿಗಿದವನು.
ಹದಿನೇಳನೆಯದು ಪಡುವಣಕ್ಕೆ ಮುಖ ತಿರುಗಿಸಿತೆಂದರೆ
ಒಂದು ಬೀಡಿ ಸುಡುವಷ್ಟರಲ್ಲಿ
ಗಾಳಿ ಡ್ಯಾಮಿಗೆ ಇಳಿಯುತ್ತದೆ.

ಅದು ತಿರುಗುವ ಮುಂಚೆಯೇ ಹಗ್ಗ ಬಿಚ್ಚಿಸಿದೆ.
"ಗಾಳಿ ಎಲ್ಲೈತೆ ಸಾರ್ ಈಗ" ಅಂದ.
ಅದಕ್ಕೇ, ಅಂದೆ.
ಬಿರುಗಾಳಿಗೆ ತಗಡೂ ಹಾರುತ್ತದೆ,
ಉಸಿರಿಗೆ ನಡೆಯುವುದು ಬೇರೆ.
ಬಹಳ ಹೊತ್ತು ಹಾಯಿ ಒಣಹಾಕಿದ ಸೀರೆ.
ಆಮೇಲೆ ಮೂತಿಯ ಕೆಳಗೆ
ಎಮ್ಮೆ ನೀರು ಕುಡಿಯುವಂಥ ಸಣ್ಣ ಸದ್ದು.
ದಡದ ಜಾಲಿಮರ ಹಿಂದೆ ಸರಿಯತೊಡಗಿತ್ತು.

ಹದಿನೇಳು ತಿರುಗಿತು.
ನೀರಿನ ಮೇಲೆ ಕಪ್ಪು ಕಲೆ ಓಡಿಬಂತು,
ದೋಣಿ ಒಂದು ಭುಜ ಇಳಿಸಿತು.
ಇಳಿಸಿ, ಅಲ್ಲೇ ತಡೆದುಕೊಂಡಿತು.
ಒಳಗೆ ಹಲಗೆಯ ಮೇಲೆ ಕಾಲು ಚಾಚಿ
ಉದ್ದ ಸಾಕೋ ಇಲ್ಲವೋ ನೋಡುತ್ತಿದ್ದ ನಾಗವೇಣಿಯ
ಸ್ಟೀಲು ಲೋಟ ಉರುಳಿದ್ದು ಕೇಳಿಸಿತು.
ಬೈಗುಳ ಕೇಳಿಸಲಿಲ್ಲ.

ಕೈ ಬಿಡಿ, ಎಂದೆ.
ದಾದಾಪೀರ ಚುಕ್ಕಾಣಿ ಬಿಡಲಿಲ್ಲ.
ಮತ್ತೊಮ್ಮೆ ಹೇಳಬೇಕಾಯಿತು.
ಬಿಟ್ಟ. ಆದರೂ ಅಂಗೈ, ಮರದಿಂದ ಎರಡು ಬೆರಳು ಮೇಲೆ,
ಸೈಕಲ್ಲು ಕಲಿಯುವ ಹುಡುಗನ ಹಿಂದೆ ಓಡುವ ಅಪ್ಪನ ಕೈ,
ಮುಟ್ಟದೆ ಹಿಡಿದುಕೊಂಡೇ ಇತ್ತು.
ದೋಣಿ ಒಂದು ಕ್ಷಣ ಯೋಚಿಸಿತು.
ನಿಧಾನ ಮೂತಿಯನ್ನು ಗಾಳಿಗೆ ತಿರುಗಿಸಿ
ಹಾಯಿ ಪಟಪಟ ಬಡಿಸುತ್ತ
ನಿಂತುಬಿಟ್ಟಿತು.
ಸವಾರ ಬಿದ್ದರೆ ಕಾಯುವ ಕುದುರೆ.

ಎಡಕ್ಕೆ ತಿರುಗಿಸಿದರೆ ಬೆಣ್ಣೆ.
ಬಲಕ್ಕೆ ತಿರುಗಿಸಿದರೆ, ಅರ್ಧದಲ್ಲಿ,
ಗಾಳಿಗೆ ಮುಖಾಮುಖಿ ಸಿಕ್ಕಿಕೊಂಡು
ಮುಂದೂ ಇಲ್ಲ, ಹಿಂದೂ ಇಲ್ಲ.
ಹಾಯಿ ಹಳೇದು ಅಂದ. ನೀರು ಕಮ್ಮಿ ಅಂದ.
ನಾನು ಸುಮ್ಮನಿದ್ದೆ.
"ಮೊದಲಿಂದ್ಲೂ ಹಿಂಗೇ" ಅಂದ ಕೊನೆಗೆ, ಬೇರೆ ದನಿಯಲ್ಲಿ.
ಎದ್ದು ಹೋಗಿ ಮುಂದಿನ ಪುಟ್ಟ ಹಾಯಿಯ ಸೆರಗನ್ನು
ಉಲ್ಟಾ ಗಾಳಿಗೆ ಒಡ್ಡಿ ಹಿಡಿದ. ಎರಡೇ ಗಳಿಗೆ.
ಮುನಿಸು ಬಿಟ್ಟು ತಿರುಗಿತು.

ನನ್ನ ಎಡಮಂಡಿಯೂ ಹಾಗೇ.
ಏಣಿಯ ನಲವತ್ತನೇ ಮೆಟ್ಟಿಲಿನಲ್ಲಿ ನಿಂತುಬಿಡುತ್ತದೆ;
ತೊಡೆಯನ್ನು ಕೈಯಲ್ಲಿ ಎತ್ತಿ ಇಟ್ಟರೆ
ಮುಂದಿನದು ಅದೇ ಹತ್ತುತ್ತದೆ.
ಇದನ್ನು ದಾದಾಪೀರನಿಗೆ ಹೇಳಲಿಲ್ಲ,
ರೇಟು ಏರಿಸಿಬಿಟ್ಟಾನು.

ದಡದ ಬಂಡೆಯ ಮೇಲೆ ಕೂತೆವು. ಟವೆಲ್ಲು ಹಾಸಿದೆವು.
ನೀಲಿ ಬಣ್ಣ ಹತ್ತಿದ ಅವನ ಉಗುರು ನನ್ನ ಅಂಗೈಯಲ್ಲಿ.
ನಾಲ್ಕು ಬೆರಳು ಹಿಡಿದ. ನಾನು ಮೂರು.
ಬಲಗಡೆಯ ಮುನಿಸಿಗೆ ಒಂದು ಬೆರಳು ಕಳೆದೆ.
ಅವನು ಹಿಡಿತ ಬಿಡಲಿಲ್ಲ. ನಾನೂ ಬಿಡಲಿಲ್ಲ.
ನಾಗವೇಣಿ ಲೋಟ ತೊಳೆದು
ಕೇಳದೆಯೇ ಮತ್ತೆ ದೋಣಿಯೊಳಗಿಟ್ಟು ಬಂದಳು.

ಮೇಲೆ ಹದಿನೇಳು ಮತ್ತೆ ತಲೆ ತಿರುಗಿಸಿರಬೇಕು,
ನಾವಿಬ್ಬರೂ ನೋಡಲಿಲ್ಲ.
ಗೂಟಕ್ಕೆ ಕಟ್ಟಿದ ದೋಣಿ ಮಾತ್ರ
ಹಗ್ಗದ ಉದ್ದಕ್ಕೂ ಮೆಲ್ಲಗೆ ಸರಿದು
ಗಾಳಿ ಬರುವ ಕಡೆ
ಮುಖ ಮಾಡಿ ನಿಂತಿತ್ತು.