ಇಪ್ಪತ್ತು ತೆತ್ರಿ

ತ್ಬಿಲಿಸಿಯ ಗ್ಲದಾನಿಯಲ್ಲಿ, ನಮ್ಮ ಶಾಲೆಯ ಎದುರಿನ
ಒಂಬತ್ತು ಮಹಡಿಯ ಕಟ್ಟಡದ ಲಿಫ್ಟಿಗೆ ಬಾಯಿದೆ.
ಇಪ್ಪತ್ತು ತೆತ್ರಿಯ ನಾಣ್ಯ ನುಂಗದೆ
ಅದು ಮೇಲೇಳುವುದಿಲ್ಲ.
ಇಳಿಯುವುದು ಪುಕ್ಕಟೆ.
ಭೂಮಿಯ ಕರಾರೂ ಅದೇ ಅಲ್ಲವೇ, ಮಾಸ್, ಎಂದ ತ್ಸೊತ್ನೆ.
(ನಮ್ಮಲ್ಲಿ ಮಕ್ಕಳು ಟೀಚರನ್ನು ಹಾಗೇ ಕರೆಯುವುದು.)

ಪ್ರಯೋಗಶಾಲೆಯ ಬೀರುವಿಗೆ ಬೀಗವಿದೆ,
ಬೀಗದ ಕೈ ಯಾರ ಬಳಿಯೂ ಇಲ್ಲ.
ಗಾಜಿನಾಚೆ ಕಾಣುತ್ತದೆ
ಮುಳ್ಳಿಲ್ಲದ ವೋಲ್ಟ್‌ಮೀಟರು,
ಕರುಳು ಜೋತುಬಿದ್ದ ಸ್ಪ್ರಿಂಗ್ ತಕ್ಕಡಿ.
ಇಪ್ಪತ್ತು ವರ್ಷ ಅದರ ಮುಂದೆ ನಿಂತು
ಸೀಮೆಸುಣ್ಣದಲ್ಲಿ ಬಾಣ ಬರೆದು
ಇದು ಬಲ, ನಂಬಿ, ಎಂದಿದ್ದೇನೆ.

ಈ ಚಳಿಗಾಲ ಹೇಳಿದೆ:
ಜೇಬಿನಿಂದ ಮೊಬೈಲು ತೆಗೆಯಿರಿ.
ತರಗತಿ ಬೆಚ್ಚಿಬಿತ್ತು. ಬರ್ಬಾರೆಯಂತೂ ಅಭ್ಯಾಸಬಲದಿಂದ
ಎದ್ದು ಬಂದು
ನನ್ನ ಮೇಜಿನ ಡ್ರಾಯರಿಗೇ ಹಾಕಿದಳು.

ಹನ್ನೊಂದು ಮಂದಿ, ನಾಲ್ಕು ಜನರ ಲಿಫ್ಟು;
ಉಳಿದವರು ಮೆಟ್ಟಿಲಲ್ಲಿ ಓಟ.
ಬರ್ಬಾರೆಯ ಫೋನು, ಗಾಜಿನಲ್ಲಿ ಜೇಡರ ಬಲೆ,
ನೆಲದ ಮೇಲೆ ಅಂಗಾತ.
ತೆರೆಯಲ್ಲೊಂದು ಗೆರೆ: ಒಂಬತ್ತು ಬಿಂದು ಎಂಟು.
ಸುಮ್ಮನೆ ಬಿದ್ದಿದೆಯಲ್ಲ ಮಾಸ್, ಸೊನ್ನೆ ಇರಬೇಡವೇ?
ಬೇಡ. ನೆಲ ಅದನ್ನು ಹೊತ್ತಿದೆ.
ಅದು ತೋರಿಸುವುದು ಹೊತ್ತವರ ಲೆಕ್ಕ.
ಕೈಬಿಟ್ಟರೆ, ಬೀಳುವಷ್ಟು ಹೊತ್ತು, ಸೊನ್ನೆ.
ಬರ್ಬಾರೆ ತಟ್ಟನೆ ಫೋನಿನ ಪಕ್ಕ ಕುಳಿತಳು.

ನಾಣ್ಯ ಬಿತ್ತು. ಕೇಬಲ್ಲು ಕೆಮ್ಮಿತು.
ಗೆರೆ ಎದ್ದು ಒಂದು ಗುಡ್ಡವಾಯಿತು,
ನಮ್ಮ ಅಂಗಾಲಿನಲ್ಲೂ ಅದೇ ಗುಡ್ಡ.
ಆಮೇಲೆ ಸಪಾಟು.
ಎರಡು, ಮೂರು, ಮಹಡಿಗಳು ಕೆಳಗಿಳಿಯುತ್ತಿವೆ,
ಫೋನಿಗೆ ಮಾತ್ರ ತಾನಿನ್ನೂ ಅಲ್ಲೇ ಇದ್ದಂತೆ.
ಒಂದೇ ವೇಗದಲ್ಲಿ ಹೋಗುವವರಿಗೆ
ಹೋಗುತ್ತಿರುವುದು ತಿಳಿಯದು.
ಇಷ್ಟು ಹೇಳಲು ನನಗೆ ಪ್ರತಿವರ್ಷ
ಎರಡು ಪಿರಿಯಡ್ ಬೇಕಾಗುತ್ತಿತ್ತು.

ಐದನೆಯ ಮಹಡಿ ದಾಟುವಾಗ ಒಂದು ಹಲ್ಲು.
ಚಿಕ್ಕದು, ಇಲಿ ಕಚ್ಚಿದಂತೆ.
ಗದ್ದಲ ಎಂದೆ. ಉಪಕರಣದ ದೋಷ ಎಂದೆ.
ಪುಸ್ತಕದಲ್ಲಿಲ್ಲದ್ದಕ್ಕೆ ನಾವಿಡುವ ಹೆಸರುಗಳು.
ಮತ್ತೆ ಇಪ್ಪತ್ತು ತೆತ್ರಿ. ಮತ್ತೆ ಐದು. ಮತ್ತೆ ಹಲ್ಲು.
ತ್ಸೊತ್ನೆಯ ಫೋನಿನಲ್ಲೂ.
ನಾಣ್ಯ ಮುಗಿದವು.

ಎಂಟನೆಯ ಮಹಡಿಯ ಬಾಗಿಲು ತೆರೆಯಿತು.
ಸ್ವೆಟರಿನ ಮೇಲೆ ಸ್ವೆಟರು ತೊಟ್ಟ ಜೊಂದೊ:
ಯಾರದು, ಬೆಳಗಿನಿಂದ ಬಾವಿಗೆ ಬಿಂದಿಗೆ ಬಿಟ್ಟಂತೆ
ಏರಿಸಿ ಇಳಿಸುತ್ತಿರುವುದು?
ಬೈಗುಳದ ಬುಟ್ಟಿ ಬರಿದಾಗುವತನಕ ಕಾದು
ಬರ್ಬಾರೆ ತೆರೆ ತೋರಿಸಿದಳು.

ಕನ್ನಡಕ ಹಣೆಯಿಂದ ಮೂಗಿಗಿಳಿಯಿತು.
ಹಲ್ಲಿನ ಮೇಲೆ ಬೆರಳಿಟ್ಟ,
ಉಗುರಿನ ಸಂದಿಯಲ್ಲಿ ಇನ್ನೂ ಹೋಗದ ಗ್ರೀಸು;
ಗೆರೆ ಜರುಗಿತು, ಬೆದರಿ ಕೈ ಹಿಂದೆಗೆದ.
ಐದು, ಎಂದ, ನಾವು ಹೇಳುವ ಮೊದಲೇ.
ಎಡಗಡೆಯ ಹಳಿ. ಎಂಬತ್ತೇಳರಲ್ಲಿ ನಾನೇ ಕೂಡಿಸಿದ್ದು.
ಒಂದು ಕೂದಲಿನಷ್ಟು ತಪ್ಪಿತು. ಆ ದಿನ ಕೈ ನಡುಗುತ್ತಿತ್ತು.
ಏಕೆಂದು ಹೇಳಲಿಲ್ಲ.
ಮೂವತ್ತೇಳು ವರ್ಷ, ದಿನಕ್ಕೆ ನಾಲ್ಕು ಸಲ,
ಈ ಮೊಣಕಾಲಿಗೆ ತಾಕಿದೆ.
ಹೆಂಡತಿಗೆ ಹೇಳಿದರೆ ವಾತ ಅನ್ನುತ್ತಿದ್ದಳು.

ಒಳಗೆ ಹೋದ. ಉಪ್ಪಿನಕಾಯಿಯ ಹಳೆಯ ಜಾಡಿ ತಂದ,
ಅರ್ಧದವರೆಗೆ ಚಿಲ್ಲರೆ.
ನಡೆಯಿರಿ, ನನ್ನನ್ನೂ ಸೇರಿಸಿಕೊಳ್ಳಿ.

ಲಿಫ್ಟಿನಲ್ಲಿ ಕಣ್ಣು ಮುಚ್ಚಿ ನಿಂತ,
ಫೋನು ಅವನ ಚಪ್ಪಲಿಯ ಪಕ್ಕ.
ಅವನು "ಈಗ" ಎಂದದ್ದು ಮೊದಲೋ
ಗೆರೆ ಜಿಗಿದದ್ದು ಮೊದಲೋ,
ತರಗತಿಯಲ್ಲಿ ಜಗಳ ಇನ್ನೂ ಮುಗಿದಿಲ್ಲ.

ಬರ್ಬಾರೆಯ ವರದಿ ನಿನ್ನೆ ಕೈ ಸೇರಿತು.
ಬಳಸಿದ ಉಪಕರಣಗಳು:
ಫೋನು ಎರಡು. ಲಿಫ್ಟು ಒಂದು.
ಮೊಣಕಾಲು ಒಂದು, ಬಲಗಡೆಯದು.
ಅಂಚಿನಲ್ಲಿ ಕೆಂಪು ಶಾಯಿಯಿಂದ ಕೇಳಿದ್ದೇನೆ:
ಮೂರನೆಯದರ ಅಳತೆ ಎಷ್ಟು ನಿಖರ?
ಇನ್ನೂ ಹತ್ತು ಸಲ ಏರಿ ನೋಡಿ ಬರೆ.