ತಿಂಗಳ್

ಕುಂಬಳೆಯ ಐಸ್ ಪ್ಲಾಂಟಿನ ಲೆಕ್ಕದ ಕೋಡಿನಲ್ಲಿ
ಸಜೀಶ ಬಿಟ್ಟುಹೋದ ಒಂದು ಹೆಸರು: ತಿಂಗಳ್.

ನಾನು ಕನ್ನಡದಲ್ಲಿ ಓದಿದೆ,
ಮೂವತ್ತರಿಂದ ಗುಣಿಸಿದೆ.
ಅವನು ಬರೆದದ್ದು ಮಲಯಾಳದ ಸೋಮವಾರ.

ಪೈಥಾನ್ ತಕರಾರು ತೆಗೆಯಲಿಲ್ಲ.
ಕೊಟ್ಟದ್ದನ್ನು ಬುಟ್ಟಿಗೆ ಹಾಕಿಕೊಳ್ಳುತ್ತದೆ,
ಬಂಗುಡೆಯೋ ಬರೀ ಮಂಜುಗಡ್ಡೆಯೋ ಕೇಳದೆ.

ಅಂದುಂಞಿ ಬಿಲ್ ಹಿಡಿದು ಬಂದರು:
"ಒಂದು ದಿನದ ಐಸಿಗೆ ಇಷ್ಟಾ, ಮೋಳೇ?
ಕಡಲನ್ನೇ ಹೆಪ್ಪುಗಟ್ಟಿಸಿದೆಯಾ?"

ರಾತ್ರಿ ಕೂತು, ಇನ್ನೂರ ಹನ್ನೊಂದು ಕಡೆ,
ಹೆಸರಿನ ಪಕ್ಕ ಎರಡು ಚುಕ್ಕೆ ಇಟ್ಟು ಬರೆದೆ:
ಇದು ದಿನ, ಇದು ಸಂಖ್ಯೆ, ಇದು ಬರೀ ಅಕ್ಷರ.
ಕೆಂಪುಗೆರೆ ಎದ್ದಲ್ಲೆಲ್ಲ
ಯಾರೋ ಯಾವತ್ತೋ
ಕೇಳದೆ ಬಿಟ್ಟ ಪ್ರಶ್ನೆ.

ಒಂದನ್ನು ಮಾತ್ರ ಮುಟ್ಟಲಿಲ್ಲ.
ಫೈಲಿನ ಕೊನೆಗೆ ಅವನದೇ ಟಿಪ್ಪಣಿ:
"ಕಿಟಕಿಯಲ್ಲಿ ತಿಂಗಳ್. ಇವತ್ತಿಗೆ ಸಾಕು."

ಅದು ಚಂದ್ರ,
ಇಬ್ಬರ ಭಾಷೆಯಲ್ಲೂ.