ಏರುವಾಗ ಇತಿಹಾಸ, ಇಳಿಯುವಾಗ ಲೆಕ್ಕ

ಇನ್ನು ಒಂಬತ್ತು ದಿನ ಇದೆ ಅಂದಳು ಮಗಳು,
ಲೋಬಿಯೋಗೆ ಉಪ್ಪು ಸಾಲದು ಅನ್ನುವ ದನಿಯಲ್ಲಿ.
ಮಾರ್ಚ್‌ನಲ್ಲೇ ನನ್ನ ಹೆಸರು ಬರೆಸಿದ್ದಾಳೆ,
ಬೂಟಿಗೆಂದು ಕೂಡಿಟ್ಟ ದುಡ್ಡಲ್ಲಿ ಶುಲ್ಕ ಕಟ್ಟಿದ್ದಾಳೆ.
ಮೊದಲೇ ಹೇಳಿದ್ದರೆ ಬೇಡ ಅಂತಿದ್ದೆ, ಅದಕ್ಕೇ ಹೇಳಲಿಲ್ಲ.
ಪ್ರವೇಶಪತ್ರದಲ್ಲಿ ಅಚ್ಚಾಗಿತ್ತು:
ಮಕ್ವಾಲಾ ಬೆರಾಡ್ಜೆ, ವಯಸ್ಸು ನಲವತ್ತೊಂದು.
ಫೋಟೋ ಯಾರದೋ ಮದುವೆಯದು,
ಪಕ್ಕದವರ ಭುಜ ಕತ್ತರಿಸಿ ತೆಗೆದದ್ದು.

ನನ್ನ ಕೆಲಸ ತಂತಿಗಾಡಿಯಲ್ಲಿ.
ಕಣಿವೆಯ ತಳದಿಂದ ಗಣಿಯ ದಿಬ್ಬಕ್ಕೆ, ದಿಬ್ಬದಿಂದ ತಳಕ್ಕೆ,
ಒಂದು ಕಬ್ಬಿಣದ ಡಬ್ಬಿ, ಒಂದು ಸ್ಟೂಲು, ಒಂದು ಗಂಟೆ, ನಾನು.
ಇಪ್ಪತ್ತು ವರ್ಷದಲ್ಲಿ ಎಷ್ಟು ದೂರ ಹೋಗಿರಬಹುದೆಂದು
ಒಮ್ಮೆ ಲೆಕ್ಕ ಹಾಕಿದೆ.
ಭೂಮಿಗೆ ಎರಡು ಸುತ್ತು ದಾಟಿತ್ತು.
ತಲುಪಿದ್ದು ಮಾತ್ರ ಇಲ್ಲಿಗೇ.

ಒಂದು ಸಲ ಏರಲು ಆರು ನಿಮಿಷ.
ಏರುವಾಗ ಇತಿಹಾಸ, ಇಳಿಯುವಾಗ ಲೆಕ್ಕ
ಎಂದು ಬರೆದು ಬಾಗಿಲಿಗೆ ಅಂಟಿಸಿದಳು ಮಗಳು,
'ಒರಗಬೇಡಿ' ಅನ್ನುವ ಹಳೆಯ ಫಲಕದ ಮೇಲೆಯೇ.

ಮೊದಲ ದಿನ ಯಾರೂ ಏನೂ ಅನ್ನಲಿಲ್ಲ.
ಎರಡನೆಯ ದಿನ ಮುದುಕಿ ಪೆಪೇಲಾ, ಮಡಿಲಲ್ಲಿ ಕೋಳಿ,
"ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡ್ತಾಳೆ" ಅಂದಳು, ಕೋಳಿಗೆ.
ಮೂರನೆಯ ದಿನ ಅವಳೇ ಪುಸ್ತಕ ತಲೆಕೆಳಗು ಹಿಡಿದು
ಕೇಳಿದಳು: "ಹೇಳು, ಹನ್ನೆರಡನೆಯ ಶತಮಾನ."
ಪಾಳಿ ಮುಗಿಸಿ ಇಳಿಯುವ ಗಂಡಸರು
ಕಪ್ಪು ಧೂಳು ಕೂತ ಕಿಟಕಿಯ ಮೇಲೆ ಬೆರಳಲ್ಲಿ ತ್ರಿಕೋನ ಬರೆದು
ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು.
ಒಬ್ಬನಿಗೆ ಸೈನ್ ನೆನಪಿದೆ, ಕೊಸೈನ್ ಇಲ್ಲ.
ಜುಂಬೆರ್, ಸುರಂಗದಲ್ಲಿ ತಮ್ಮ ಹೋದಾಗಿನಿಂದ ಮಾತು ಬಿಟ್ಟವನು,
ನನ್ನ ತಪ್ಪನ್ನು ತೋಳಿನಿಂದ ಒರೆಸಿ
ಸರಿಯಾದ್ದನ್ನು ಬರೆದು ಇಳಿದು ಹೋದ.
ಆ ಕಿಟಕಿಯನ್ನು ನಾನು ತೊಳೆಯಲಿಲ್ಲ.

ಐದನೆಯ ರಾತ್ರಿ ಅಡುಗೆಮನೆಯಲ್ಲಿ ಅಳು ಬಂತು.
ನನ್ನ ಶಾಲೆ ಮುಗಿದ ವರ್ಷ ಊರಲ್ಲಿ ಕರೆಂಟಿರಲಿಲ್ಲ,
ಮೇಣದಬತ್ತಿಗೂ ಬ್ರೆಡ್ಡಿಗೂ ಒಂದೇ ಬೆಲೆ.
ನಾವು ಬ್ರೆಡ್ಡು ತಂದೆವು.
ಅಷ್ಟೇ ನನ್ನ ಕಥೆ, ಅದರಲ್ಲಿ ಕೆಟ್ಟವರು ಯಾರೂ ಇಲ್ಲ.
ಮಗಳು ಎದ್ದು ಬಂದವಳು ಸಮಾಧಾನ ಹೇಳದೆ
ಶೇಕಡಾವಾರು ಲೆಕ್ಕದ ಹಾಳೆ ಮುಂದಿಟ್ಟು
ಮತ್ತೆ ಹೋಗಿ ಮಲಗಿದಳು.

ಕುತೈಸಿಯಲ್ಲಿ ಬಾಗಿಲು ಕಾಯುವವಳು
"ಪೋಷಕರು ಹೊರಗೆ" ಅಂದಳು. ಚೀಟಿ ತೋರಿಸಿದೆ.
ಹೊರಗೆ, ಪೋಷಕರ ಬೆಂಚಿನಲ್ಲಿ, ನನ್ನ ಮಗಳು
ನನ್ನ ಕೈಚೀಲ ಮಡಿಲಲ್ಲಿಟ್ಟುಕೊಂಡು
ಉಳಿದ ತಾಯಂದಿರ ಹಾಗೆಯೇ ಉಗುರು ಕಚ್ಚುತ್ತಿದ್ದಳು.

ಲೆಕ್ಕದ ದಿನ ನನಗೆ ಗಡಿಯಾರ ಬೇಕಾಗಲಿಲ್ಲ.
ಆರು ನಿಮಿಷಕ್ಕೊಮ್ಮೆ ಕೈ ತಾನಾಗಿ
ಗಂಟೆಯ ಹಗ್ಗ ಹುಡುಕುತ್ತಿತ್ತು,
ಬರೀ ಗಾಳಿ ಸಿಗುತ್ತಿತ್ತು, ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ.
ಒಂದು ಕಡೆ ತ್ರಿಕೋನ ಬಂತು. ಅದನ್ನು ಬಲ್ಲೆ,
ಅದರ ಗೆರೆಗಳ ಹಿಂದೆ ನದಿ, ರೈಲುಹಳಿ, ಒಣಹಾಕಿದ ಬಟ್ಟೆ.
ಹದಿಮೂರು ಖಾಲಿ ಬಿಟ್ಟೆ.
ಊಹೆಯಾದರೂ ಬರೆಯಬಾರದಿತ್ತೇ ಅಂತ
ಬಸ್ಸಿನುದ್ದಕ್ಕೂ ಬೈದಳು ಮಗಳು.
ಅವಳು ನನ್ನ ಭುಜಕ್ಕೊರಗಿ ನಿದ್ದೆ ಹೋದ ಮೇಲೆ
ಎರಡಕ್ಕೆ ಉತ್ತರ ಹೊಳೆಯಿತು.

ಮರುದಿನ ಬೆಳಗಿನ ಮೊದಲ ಗಾಡಿಗೆ
ಪೆಪೇಲಾ ಹತ್ತಿದಳು. ಇವತ್ತು ಕೋಳಿ ಇಲ್ಲ, ಮೊಟ್ಟೆ.
ಏನು ಕೇಳಿದ್ದರು ಅಂದಳು.
ಹನ್ನೆರಡನೆಯ ಶತಮಾನ ಬರಲಿಲ್ಲ ಅಂದೆ.
ತನಗೇ ಅನ್ಯಾಯವಾದ ಹಾಗೆ ಮುಖ ಮಾಡಿ
ಅರ್ಧ ದಾರಿ ಸುಮ್ಮನಿದ್ದಳು.
ಆಮೇಲೆ ಮೊಟ್ಟೆಯ ಬುಟ್ಟಿ ಈ ಮೊಣಕಾಲಿಂದ ಆ ಮೊಣಕಾಲಿಗೆ ಸರಿಸಿ,
"ಬರುವ ವರ್ಷ ಕೇಳ್ತಾರೆ.
ನಾನು ಮರೆಯೋ ಮೊದಲು
ಇನ್ನೊಂದ್ಸಲ ಹೇಳು."